ಯಜಮಾನ ಒಬ್ಬನೇ ಅಲ್ಲ

ಇಲ್ಲಿ ಸೇರಿರುವ ಎಲ್ಲರಿಗೂ, ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಪತ್ನಿ, ನಮ್ಮೆಲ್ಲರ ಅಕ್ಕನಿಗೂ ಅವರ ಮಗಳಿಗೂ ನನ್ನ ನಮಸ್ಕಾರ. ಒಂದು ಮಾತನ್ನು ಇವತ್ತು ಆಡಬಾರದೆಂದೇ ಮನೆಯಿಂದ ಹೊರಟಿದ್ದೆ. ಈ ಸಭಾಂಗಣದ ಬಾಗಿಲಲ್ಲಿ ಅಕ್ಕ ಕೈ ಹಿಡಿದು, "ಎರಡನೇ ಜೀನ್ ವಿಷಯ ಹೇಳ್ತೀಯ ತಾನೇ?" ಎಂದರು. "ಇವತ್ತು ಬೇಡ ಅಕ್ಕ" ಎಂದೆ. "ನೀನು ಹೇಳ್ದಿದ್ರೆ ನಾನೇ ಮೈಕ್ ಹಿಡೀತೀನಿ, ನೋಡು!" — ಆದ್ದರಿಂದ ಹೇಳುತ್ತೇನೆ.

ನಮ್ಮ ಮೇಷ್ಟ್ರು — ಒಂದು ದಿನವೂ ತರಗತಿಯಲ್ಲಿ ಪಾಠ ಮಾಡಿದವರಲ್ಲ, ಆದರೂ ಇಡೀ ಸಂಸ್ಥೆಗೆ ಮೇಷ್ಟ್ರು — ಬದುಕಿಡೀ ಹುಡುಕಿದ್ದು ಒಂದೇ ಉತ್ತರ. ಬೆಂಕಿ ರೋಗದ ಶಿಲೀಂಧ್ರ ತಗುಲಿದಾಗ ಕೆಲವು ಭತ್ತದ ಗಿಡಗಳು ಸುಟ್ಟಂತೆ ಒಣಗುತ್ತವೆ. ಕೆಲವು ಸಾಸಿವೆಯಷ್ಟು ಚುಕ್ಕೆಯಲ್ಲೇ ಅದನ್ನು ತಡೆದು ನಿಲ್ಲಿಸುತ್ತವೆ. ಏಕೆ? ರೋಗವನ್ನು ಗುರುತಿಸುವ ಒಂದು ಜೀನ್ ಅವರಿಗೆ ಸಿಕ್ಕಿತು. 'ಯಜಮಾನ' ಎಂದು ಕರೆದರು. ಪ್ರಬಂಧ ಬಂತು, ಹಾರ ತುರಾಯಿ ಬಂತು, ತಳಿ ಕೇಂದ್ರಗಳಿಂದ ಬೀಜಕ್ಕೆ ಬೇಡಿಕೆ ಬಂತು.

ಅವರು ಮಾತ್ರ ಸುಮ್ಮನೆ ಕೂರಲಿಲ್ಲ. ಆ ಜೀನನ್ನು ಬೇರೊಂದು ತಳಿಗೆ ಸೇರಿಸಿ ರೋಗ ಹಚ್ಚೋಣ ಎಂದರು.

"ಗೆದ್ದಾಗಿದೆಯಲ್ಲ ಮೇಷ್ಟ್ರೇ, ಮತ್ಯಾಕೆ?" ಎಂದೆ.

"ಗೆದ್ದಿರೋದು ನಾವು. ಗಿಡ ಗೆದ್ದಿದೆಯಾ ನೋಡೋಣ, ಬಾಮ್ಮ."

ಇದೇ ಸಭಾಂಗಣದ ಹಿಂದಿನ ಹಸಿರುಮನೆ. ಆ ಗಿಡಗಳೆಲ್ಲ — ಒಂದೂ ಬಿಡದೆ — ಒಣಗಿದವು. ಅವರು ಒಂದು ಎಲೆ ಕಿತ್ತು, ಹೀಗೆ, ಬೆಳಕಿಗೆ ಹಿಡಿದು ನೋಡಿದರು. ನೋಡುತ್ತ ನೋಡುತ್ತ — ನಕ್ಕರು!

ಆಗಿದ್ದಿಷ್ಟೆ: ಅಲ್ಲಿಯವರೆಗೆ ನಾವು ಯಜಮಾನನನ್ನು ಅವನ ಸ್ವಂತ ಮನೆಯಲ್ಲೇ ಪರೀಕ್ಷಿಸಿದ್ದೆವು. ಆ ಹಳೆಯ ತಳಿಯಲ್ಲಿ ಅವನ ಪಕ್ಕದಲ್ಲೇ ಇನ್ನೊಂದು ಜೀನ್ ಇತ್ತು; ಹೊಸ ತಳಿಯಲ್ಲಿ ಅದಿರಲಿಲ್ಲ. ಒಂದು ಜೀನ್ ಕಳ್ಳನನ್ನು ಗುರುತಿಸುತ್ತದೆ. ಇನ್ನೊಂದು ಕೂಗಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಎರಡೂ ಇದ್ದರೆ ಮಾತ್ರ ಎಲೆ ಉಳಿಯುತ್ತದೆ. ಆ ಸಂಜೆ ಅಡುಗೆಮನೆಯಲ್ಲಿ ಇದನ್ನು ಕೇಳಿದ ಅಕ್ಕ, ಸೌಟನ್ನೂ ಕೆಳಗಿಡದೆ ಅಂದದ್ದು: "ಈಗ ಗೊತ್ತಾಯ್ತಾ, ಯಜಮಾನ್ರು ಒಬ್ರೇ ಮನೆ ನಡೆಸಲ್ಲ ಅಂತ?" ಮರುದಿನವೇ ಎರಡನೆಯದಕ್ಕೆ 'ಯಜಮಾನ್ತಿ' ಎಂಬ ಹೆಸರಾಯಿತು.

ಪ್ರಬಂಧಕ್ಕೆ ತಿದ್ದುಪಡಿ ಬರೆಯುವಷ್ಟರಲ್ಲಿ ಮೇಷ್ಟ್ರು ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ಹೇಳಿದ್ದೂ ಅದನ್ನೇ. "ಒಂಟಿ ಯಜಮಾನನ್ನ ಎಲ್ಲಿಗೂ ಕಳಿಸ್ಬೇಡ. ನನ್ನ ಹೆಸರು ಉಳಿಸೋಕೆ ಇನ್ನೊಬ್ರ ಗದ್ದೆ ಹಾಳಾಗಬಾರ್ದು."

ಅವರ ಭಾವಚಿತ್ರದ ಮುಂದೆಯೇ ನಿಂತು, ಅವರ ಹೆಸರಾಂತ ಶೋಧ ಅರ್ಧವಷ್ಟೇ ನಿಜ ಎನ್ನುವುದು ಸರಿಯೇ? ರಾತ್ರಿಯಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ತಪ್ಪಾದರೆ ತಲೆ ತಗ್ಗಿಸಬೇಕೆಂದು ಕಲಿಸಿದ ಶಾಲೆಯಿಂದ ಬಂದವಳು ನಾನು. ತಪ್ಪು ಸಿಕ್ಕಾಗ ಅದನ್ನು ಬೆಳಕಿಗೆ ಹಿಡಿದು ನಗಬಹುದೆಂದು ತೋರಿಸಿದವರು ಅವರೊಬ್ಬರೇ. ಅದಕ್ಕೆ, ಮೇಷ್ಟ್ರೇ, ನಿಮಗೆ ಋಣಿ. ಅಕ್ಕ, ನಿಮಗೂ.

ಈಗ ಎಲ್ಲರೂ ಎದ್ದು, ಅವರು ಎಲೆ ನೋಡುವಾಗ ಇರುತ್ತಿದ್ದಷ್ಟೇ ಮೌನವಾಗಿ ನಿಲ್ಲೋಣ. ಅದಕ್ಕೂ ಮೊದಲು, ಅಕ್ಕ ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ. ಎರಡೂ ಜೀನ್ ಇರುವ ಬೀಜ, ಜೊತೆಗೆ ತಿದ್ದುಪಡಿ — ಎಲ್ಲ ಕೇಂದ್ರಗಳಿಗೂ ಒಂದೇ ಪೊಟ್ಟಣದಲ್ಲಿ ಅಂಚೆಗೆ ಹಾಕುವುದು ಜೂನ್ ಒಂಬತ್ತು, ಸೋಮವಾರ.