ಬೀದಿ ತುಂಬ ಜನ, ಕಾರು ಒಂದೂ ಇಲ್ಲ

ಪರದೇಶದ ವಿಕ್ಸಮ್ ಊರಿನ ತಿರುಮಲೇಶನ ಮನೆಯಲ್ಲಿ ಬಿಸಿಬೇಳೆಬಾತು ಆಗಷ್ಟೇ ತಟ್ಟೆಗೆ ಬಿದ್ದಿತ್ತು, ಅಷ್ಟರಲ್ಲಿ ಊಟಕ್ಕೆ ಬಂದವರೆಲ್ಲರ ಫೋನುಗಳೂ ಒಟ್ಟಿಗೆ ಕಿರುಚಿಕೊಂಡವು. ಹಿಂದೆಯೇ ಊರಿನ ಸೈರನ್. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಸುಂಟರಗಾಳಿಯ ಎಚ್ಚರಿಕೆ ಎಂದಮೇಲೆ ಮಾಡುವುದೇನು, ತಟ್ಟೆ ಹಿಡಿದುಕೊಂಡೇ ಎಲ್ಲರೂ ಬೇಸ್‌ಮೆಂಟಿಗೆ ಇಳಿದರು.

ತಿರುಮಲೇಶನ ತಂಗಿ ನವ್ಯಶ್ರೀ ಎಲ್ಲರಿಗಿಂತ ಹಿಂದೆ ಇಳಿದು, ತನ್ನ ಹೊಲಿಗೆ ಮೆಷಿನ್ನಿನ ಪಕ್ಕ ಸರಿದು ಕೂತಳು. ಹತ್ತನೇ ತರಗತಿಗೇ ಶಾಲೆ ಬಿಟ್ಟವಳು, ಈ ಊರಿಗೆ ಬಂದಾಗಿನಿಂದ ಇದೇ ಬೇಸ್‌ಮೆಂಟಿನಲ್ಲಿ ಕೂತು ಕನ್ನಡ ಕೂಟದ ಹೆಂಗಸರ ಬ್ಲೌಸು ಹೊಲಿಯುತ್ತಿದ್ದವಳು. ನಾಳೆಯಿಂದ ಹಾಗಲ್ಲ. ಪಕ್ಕದ ಆಶ್‌ವೆಲ್ ಊರಿನವರು ಪಾಳುಬಿದ್ದ ತಮ್ಮ ಡೌನ್‌ಟೌನಿಗೆ ಜೀವ ತುಂಬಬೇಕೆಂದು, ಮುಚ್ಚಿದ ಅಂಗಡಿಗಳನ್ನು ಮೊದಲ ವರ್ಷ ಬಾಡಿಗೆಯಿಲ್ಲದೆ ಕೊಡುತ್ತಿದ್ದರು. ಅದರಲ್ಲೊಂದು ಅವಳಿಗೆ ಸಿಕ್ಕಿತ್ತು. ಬೆಳಿಗ್ಗೆ ಸಹಿ ಹಾಕಿದರೆ ಆಯಿತು, ಕಿಟಕಿಯಿರುವ ಅಂಗಡಿ, ಅವಳದೇ.

"ಆ ಹಳೇ ಚಪ್ಪಲಿ ರಿಪೇರಿ ಅಂಗಡಿ ತಾನೆ?" ಎಂದರು ಸರಳಾ ಆಂಟಿ. ಆಶ್‌ವೆಲ್‌ನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಮೈಸೂರಿನ ಹೆಂಗಸು. "ಯಾರೂ ನಿಂಗೆ ಹೇಳ್ಲಿಲ್ವಾ?"

"ಶುರು ಆತು ನೋಡ್ರಿ," ಎಂದು ಪಂಚಾಕ್ಷರಿ ಅಂಕಲ್ ಹಪ್ಪಳ ಮುರಿದರು. "ಆಂಟಿಯವರ ಬಾಯಾಗ ಅಂಗಡಿ ಬಂತಂದ್ರ ದೆವ್ವಾನೂ ಬಂತು."

"ನೀವು ಹಪ್ಪಳ ತಿನ್ನಿ, ಅಂಕಲ್." ಆಂಟಿ ಕಾಲು ಮಡಚಿ ಕೂತರು. "ಕೇಳು ನವ್ಯಾ... ನಾನು ಬಂದ ಹೊಸದ್ರಲ್ಲಿ ಆ ಬೀದಿ ಹೇಗಿತ್ತು ಅಂತೀಯ! ಆಮೇಲೆ ಮಾಲ್ ಬಂತು, ಒಂದೊಂದೇ ಅಂಗಡಿ ಕಣ್ಣು ಮುಚ್ತು, ಅಂಗಡಿಯೋರೂ ಒಬ್ಬೊಬ್ಬರೇ ಕಣ್ಣು ಮುಚ್ಚಿದ್ರು. ಊರಿನೋರು ಏನೇನೋ ಮಾಡಿದ್ರು ಪಾಪ. ಹೂವಿನ ಕುಂಡ ಇಟ್ರು, ದೀಪದ ಕಂಬಕ್ಕೆ ಸ್ಪೀಕರ್ ಕಟ್ಟಿ ಹಾಡು ಹಾಕಿದ್ರು. ಒಂದು ನಾಯೀನೂ ಬರ್ಲಿಲ್ಲ. ಆಗ ಡೌನ್‌ಟೌನ್ ಮ್ಯಾನೇಜರ್ ಅಂತ ಒಬ್ಬಳು ಬಂದ್ಳು ನೋಡು, ನಮ್ಮ ಕನ್ನಡ ಕೂಟದ ಸುಹಾಸಿನಿ ಮನೆ ಬಾಗಿಲಲ್ಲಿ ರಂಗೋಲಿ ನೋಡಿದ್ದೇ ತಡ, ನಮ್ಮ ಮುಚ್ಚಿದ ಅಂಗಡಿಗಳ ಮುಂದೆಲ್ಲ ಇದನ್ನ ಹಾಕಿಕೊಡಿ ಅಂದ್ಳು. ಪುಡೀಲಿ ಹಾಕಿದ್ರೆ ಗಾಳಿಗೆ ಹೋಗುತ್ತೆ ಅಂತ ಪೇಂಟ್ ಕೊಟ್ಳು, ಮೇಲೆ ಮಳೆಗೂ ಹೋಗದ ಹಾಗೆ ವಾರ್ನಿಶ್ ಬೇರೆ. ಸುಹಾಸಿನಿ ಗುಂಪು ಸಂಭ್ರಮದಿಂದ ಬಾಗಿಲು ಬಾಗಿಲಿಗೂ ಹಾಕ್ತು..."

ಆಂಟಿ ತಲೆಯೆತ್ತಿ ಮೇಲೆ ನೋಡಿದರು. ಮೇಲೆ ಗಾಳಿ ಏನನ್ನೋ ಎಳೆದಾಡಿತು.

"ಜನ ಬಂದ್ರಾ ಅಂತ ಕೇಳಲ್ವಾ? ಬಂದ್ರು! ಆ ವಾರದಿಂದಲೇ ಸಂಜೆಯಾದ್ರೆ ಎರಡೂ ಕಡೆ ಫುಟ್‌ಪಾತ್ ತುಂಬ ಜನ. ಮ್ಯಾನೇಜರ್ ಕುಣಿದಾಡಿಬಿಟ್ಳು. ನಂಗೂ ಖುಷಿಯೇ, ನೋಡೋಣ ಅಂತ ಡ್ರೈವ್ ಮಾಡ್ಕೊಂಡು ಹೋದೆ. ಎಲ್ಲಿ ಬೇಕೋ ಅಲ್ಲಿ ಪಾರ್ಕಿಂಗ್! ರಸ್ತೆ ಪಕ್ಕ ಖಾಲಿ, ಹಿಂದಿನ ಪಾರ್ಕಿಂಗ್ ಲಾಟ್ ಖಾಲಿ... ಕಾರಿಲ್ಲದೆ ಹಾಲು ತರೋಕೂ ಆಗದ ಊರಲ್ಲಿ, ಅಷ್ಟು ಜನ ಹೇಗೆ ಬಂದ್ರು ಹೇಳಿ?"

ತಿರುಮಲೇಶನ ಮಗಳು ಜಾನ್ವಿ "ಮೇಬಿ ದೇ ವಾಕ್ಡ್?" ಎಂದಳು.

"ನಡ್ಕೊಂಡಾ? ಎಲ್ಲಿಂದ ಪುಟ್ಟಾ?" ಎಂದು ಆಂಟಿ ಮೆಲ್ಲಗೆ ಕೇಳಿದರು. "ಯಾರೂ ಮಾತಾಡ್ತಿಲ್ಲ, ಯಾರೂ ಏನೂ ಕೊಳ್ತಿಲ್ಲ, ಎಲ್ಲರ ಮುಖವೂ ಬಾಗಿಲ ಕಡೆಗೇ. ಚಪ್ಪಲಿ ಅಂಗಡಿ ಮುಂದೆ ಒಬ್ಬ ಮುದುಕ, ರಂಗೋಲಿಯ ಅಂಚಿಗೆ ಕಾಲು ಎತ್ತುತ್ತಾನೆ, ಹಿಂದಕ್ಕಿಡುತ್ತಾನೆ, ಎತ್ತುತ್ತಾನೆ, ಹಿಂದಕ್ಕಿಡುತ್ತಾನೆ... ತಿರುಗಿದ. ಕೊವಾಲ್ಸ್ಕಿ! ಆ ಚಪ್ಪಲಿ ಅಂಗಡಿಯೋನೇ, ನನ್ನ ಬ್ಯಾಗಿನ ಜಿಪ್ ಹಾಕಿಕೊಟ್ಟೋನು. ಅವನನ್ನ ಮಣ್ಣು ಮಾಡುವಾಗ ನಾನೇ ಹೂ ಇಟ್ಟು ಬಂದಿದ್ದೆ."

ನವ್ಯಶ್ರೀ ತಟ್ಟೆ ಕೆಳಗಿಟ್ಟಳು. ಆಂಟಿ ತಮಾಷೆ ಮಾಡುತ್ತಿದ್ದಾರೋ, ಅಥವಾ ತಾನು ಅಂಗಡಿ ಇಡುವುದು ಅವರಿಗೆ ಬೇಡವೋ? ಅವರ ಮುಖದಲ್ಲಿ ಎರಡೂ ಕಾಣಲಿಲ್ಲ.

"ಶ್ರಾದ್ಧದ ದಿನ ಬಾಗಿಲಿಗೆ ರಂಗೋಲಿ ಯಾಕೆ ಹಾಕಲ್ಲ?" ಎಂದರು ಆಂಟಿ. "ಹೋದವರು ಅದನ್ನ ದಾಟಲ್ಲ ಅಂತ. ಸತ್ತ ಆ ಅಂಗಡಿಯೋರೆಲ್ಲ ಮೊದಲು ದಿನಾ ಸಂಜೆ ಬಂದು, ಅವರವರ ಅಂಗಡೀಲಿ ಒಂದು ಗಳಿಗೆ ಕೂತು ಹೋಗ್ತಿದ್ರೋ ಏನೋ, ಯಾರು ನೋಡಿದ್ರು? ಈಗ ಒಳಗೆ ಹೋಗೋ ಹಾಗಿಲ್ಲ. ಬೀದೀಲೇ ನಿಂತಿದಾರೆ. ಊರಿನೋರು ಡೌನ್‌ಟೌನಿಗೆ ಜೀವ ಬಂತು ಅಂತಾರೆ!"

"ನಮ್ಮ ಕಡೆ ಅದೆಲ್ಲಾ ಇಲ್ಲ ಬಿಡ್ರಿ," ಎಂದರು ಪಂಚಾಕ್ಷರಿ ಅಂಕಲ್. ಹಪ್ಪಳ ಮಾತ್ರ ಕೈಯಲ್ಲೇ ಇತ್ತು.

"ಆಂಟೀ, ಹೆದರಿಸಬೇಡಿ," ಎಂದು ತಿರುಮಲೇಶ ನಕ್ಕ. "ಬೆಳಿಗ್ಗೆ ಸೈನ್ ಮಾಡ್ಬೇಕು ಅವಳು."

"ಮಾಡ್ಲಿ ಬಿಡಪ್ಪ, ನಾನ್ಯಾಕೆ ಬೇಡ ಅನ್ಲಿ? ಅವರು ಒಳ್ಳೆಯವರೇ. ಬರೀ ನಿಂತಿರ್ತಾರೆ. ಆದ್ರೆ ರಂಗೋಲಿ ಅವರನ್ನ ತಡೆಯೋದು ಕರೆಯೋವರೆಗೆ ಮಾತ್ರ. ಒಳಗಿದ್ದೋರು ಬನ್ನಿ ಅಂತ ಬಾಯಿಬಿಟ್ಟು ಕರೆದ್ರೆ, ಮುಗೀತು. ಹೋದ ಚಳಿಗಾಲ ಅಲ್ಲೊಬ್ಬ ಹುಡುಗ ಬೇಕರಿ ಇಟ್ಟ. ಪಾಪ, ಗಿರಾಕಿಗಳು ಅಂದ್ಕೊಂಡು ಬಾಗಿಲು ತೆಗೆದು ಹಿಡಿದು, ಬನ್ನಿ ಬನ್ನಿ ಅಂದ. ಬೇಕರಿ ಇವತ್ತಿಗೂ ನಡೀತಿದೆ. ಬೆಳಿಗ್ಗೆ ಬ್ರೆಡ್ಡಿನ ವಾಸನೆ ಬೀದಿ ತುಂಬ ಬರುತ್ತೆ... ಆ ಹುಡುಗನನ್ನ ಮಾತ್ರ ಆಮೇಲೆ ಯಾರೂ ಕಂಡಿಲ್ಲ."

ಮೇಲೆ ಸೈರನ್ ನಿಂತಿತು. ಯಾರೂ ಏಳಲಿಲ್ಲ. ನವ್ಯಶ್ರೀ ಮೆಷಿನ್ನಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು. ಸತ್ತವರು ತನ್ನ ಕಿಟಕಿಯಾಚೆ ನಿಂತಿರುವುದು ಹೆಚ್ಚು ಕೆಟ್ಟದ್ದೋ, ಆಯಸ್ಸೆಲ್ಲ ಅಣ್ಣನ ಮನೆಯ ಈ ಕಿಟಕಿಯಿಲ್ಲದ ಗೋಡೆ ನೋಡುವುದು ಹೆಚ್ಚು ಕೆಟ್ಟದ್ದೋ, ಅವಳಿಗೆ ತಿಳಿಯಲಿಲ್ಲ. ಆದರೂ ಅಷ್ಟು ಜನರ ನಡುವೆ ಅವಳು ಬಾಯಿಬಿಟ್ಟಳು.

"ನಾನು ಸೈನ್ ಮಾಡ್ತೀನಿ ಆಂಟಿ. ನಂಗೆ ಮಾತೇ ಕಮ್ಮಿ. ನಾನು ಯಾರನ್ನೂ ಬನ್ನಿ ಅನ್ನಲ್ಲ."

ಸರಳಾ ಆಂಟಿ ಅವಳ ಕೈಮೇಲೆ ಕೈಯಿಟ್ಟರು.

"ಜಾಣೆ. ಆದ್ರೆ ನಿನ್ನೆ ಸಂಜೆ ಆ ದಾರೀಲೇ ಬಂದೆ ಕಣೇ... ಇದೇ ಮಳೆ, ಒಬ್ಬರ ಹತ್ರಾನೂ ಛತ್ರಿ ಇಲ್ಲ, ಒಬ್ಬರೂ ನೆಂದಿಲ್ಲ. ಹೊಸ ಅಂಗಡಿ ಬರ್ತಿದೆ ಅಂತ ಊರಿನೋರು ಆಗ್ಲೇ ಗಾಜಿಗೆ ನಿನ್ನ ಹೆಸರು ಅಂಟಿಸಿದಾರೆ. ಕೊವಾಲ್ಸ್ಕಿ ಅದರ ಮುಂದೆ ನಿಂತು ತುಟಿ ಆಡಿಸ್ತಿದ್ದ. ನಮ್ಮ ಹೆಸರು ಅವರ ನಾಲಿಗೆಗೆ ಕಷ್ಟ ಅಲ್ವಾ? ನವ್... ನವ್ಯ... ಅಂತ ಕಲೀತಿದ್ದ. ನೀನು ಕರೆಯಲ್ಲ, ಸರಿ. ಆದ್ರೆ ಓಗೊಟ್ರೂ ಕರೆದ ಹಾಗೇನೇ. ನಾಳೆ ಅವನೇ ಬಾಗಿಲಲ್ಲಿ ನಿಂತು, ಬಾಯ್ತುಂಬ ನಿನ್ನ ಹೆಸರು ಹಿಡಿದು ಕರೆದ್ರೆ... ಹೂಂ ಅನ್ನದೆ ಇರ್ತೀಯಾ?"