ಮುಖವಾಡ ಗಟ್ಟಿಯಾಗುವವರೆಗೆ

ಊಹೆ ಮಾಡು ಅಂದ್ರೆ ಬಟಾಣಿ ಸುಲೀತಾನೇ ಕೂತಿದ್ದೀಯಲ್ಲ! ಒಂದು ಸಲ ತಲೆ ಎತ್ತು. ಇವತ್ತು ನಮ್ಮ ಆಸ್ಪತ್ರೆಯಲ್ಲಿ ನನಗೆ ಏನಾಯ್ತು, ಹೇಳು ನೋಡೋಣ. ಹೂಂ? ಸನ್ಮಾನ ಅಂತೀಯಾ? ಥೂ, ಅಟೆಂಡರಿಂದ ಹಿಡಿದು ಡೀನ್‌ವರೆಗೆ ಎಲ್ಲರೂ ಹೊಸಬರು, ನನ್ನ ಗುರುತು ಇರೋದೇ ಗೇಟಿನ ಹತ್ತಿರದ ನಾಯಿಗೆ. ಇನ್ನೊಂದು ಸಲ ಪ್ರಯತ್ನಪಡು. ಭಾಷಣ? ಅಯ್ಯೋ, ನನ್ನ ಕೈಗೆ ಮೈಕು ಕೊಟ್ಟರೆ ವಾಪಸ್ ಬರಲ್ಲ ಅಂತ ಅವರಿಗೂ ಗೊತ್ತಾಗಿದೆ!

ಸೋತೆಯಾ? ಸರಿ, ನಾನೇ ಹೇಳ್ತೀನಿ. ನನ್ನನ್ನೇ ಮಲಗಿಸಿಬಿಟ್ರು ಕಣೆ! ಮುಖವಾಡದ ಕೋಣೆಯಲ್ಲಿ, ನನ್ನದೇ ಮೇಜಿನ ಮೇಲೆ, ಅಂಗಾತ! ಅಷ್ಟು ವರ್ಷ ಕಂಡಕಂಡವರನ್ನೆಲ್ಲ ಮಲಗಿಸಿ ಮುಖದ ಅಚ್ಚು ತೆಗೆದವನ ಮೇಲೆ ಬಿಸಿ ಹಾಳೆ ಎಳೆದುಬಿಟ್ರು! ನಗು, ನಗು. ನನಗೂ ನಗು ಬಂತು. ಆದರೆ ಅಲ್ಲಿ ನಗೋ ಹಾಗಿಲ್ಲವಲ್ಲ, ನಕ್ಕರೆ ಉಬ್ಬಿದ ಕೆನ್ನೆಯ ಅಚ್ಚೇ ಕೂತುಬಿಡುತ್ತೆ. ನಾಳೆ ನಗದೆ ಮಲಗಿದರೆ ಮುಖವಾಡ ಸಡಿಲ. ಎಷ್ಟು ಜನರಿಗೆ ಈ ಪಾಠ ಹೇಳಿದ್ದೀನಿ ನಾನು!

ಯಾಕೆ ಅಂದ್ರೆ... ಹೊಸ ಹುಡುಗೀರು ಬಂದಿದ್ದಾರೆ ಕಣೆ, ಕಲಿಯೋಕೆ. ಅವರಿಗೆ ಮಾದರಿಗೆ ಒಂದು ಮುಖ ಬೇಕಿತ್ತಂತೆ. ನಾನು ಹಾಗೇ ಬಾಗಿಲಲ್ಲಿ ಇಣುಕಿದೆ. ಬನ್ನಿ ಸಾರ್, ನೀವೇ ಬನ್ನಿ ಅಂದ್ರು. ಅಷ್ಟೇ. ಇನ್ನೇನಿಲ್ಲ.

ಅದಿರಲಿ, ನಿನ್ನ ತಂಗಿ ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದಳು. ಅಕ್ಕನ್ನ ಕಳಿಸಿ ಭಾವ, ಕಳಿಸಿ ಭಾವ ಅಂತ ಒಂದೇ ಹಟ. ನಾನು ಹೂಂ ಅಂದೆ. ಹೋಗಿ ಬಾರೆ. ಸಮುದ್ರದ ಪಕ್ಕದ ಮನೆ, ಒಳ್ಳೆ ಗಾಳಿ. ಒಂದು ಒಂದೂವರೆ ತಿಂಗಳು ಆರಾಮಾಗಿ ಇದ್ದು ಬಾ. ನನ್ನ ಊಟಕ್ಕೇನು, ಅನ್ನ ಮಾಡಿಕೊಳ್ಳೋಕೆ ಬರಲ್ವಾ ನನಗೆ? ಬರುತ್ತೆ. ಯಾಕೆ ಹಾಗೆ ನೋಡ್ತೀಯಾ? ಒಂದು ಸಲ ತಳ ಹಿಡಿಸಿದ್ದೆ ಅಂತ ಜನ್ಮವಿಡೀ ಹೇಳ್ತೀಯಾ?

ಎಲ್ಲಿದ್ದೆ... ಹಾಂ, ಆಸ್ಪತ್ರೆ. ನೀನು ಈಗ ನೋಡಿದರೆ ಗುರುತೇ ಸಿಗಲ್ಲ ಕಣೆ. ಗಾಜಿನ ಬಾಗಿಲು, ಅದರಷ್ಟಕ್ಕೆ ಅದೇ ತೆರೆಯುತ್ತೆ. ನಾನು ಸೇರಿದಾಗ ಏನಿತ್ತು? ಹಳೇ ಸೋಪಿನ ಗೋದಾಮು! ದೊಡ್ಡ ಡಾಕ್ಟರು ಅದನ್ನು ಬಾಡಿಗೆಗೆ ಹಿಡಿದು ಸುಣ್ಣ ಬಳಿಸಿ ಹನ್ನೆರಡು ಮಂಚ ಹಾಕಿಸಿದ್ರು, ಆಯ್ತು ಆಸ್ಪತ್ರೆ. ಎಷ್ಟು ಸುಣ್ಣ ಬಳಿದರೂ ಸೋಪಿನ ವಾಸನೆ ಹೋಗಲಿಲ್ಲ. ಇದೊಂದೇ ಆಸ್ಪತ್ರೆ ನೋಡಿ, ಆಸ್ಪತ್ರೆ ವಾಸನೆ ಬರಲ್ಲ ಅಂತ ಪೇಷಂಟ್‌ಗಳು ಹೊಗಳೋರು! ಬೋರ್ಡಿನ ಮೇಲೆ ಕ್ಯಾನ್ಸರ್ ಅನ್ನೋ ಪದ ಬರೆಸಬೇಡಿ ಅಂತ ಎಲ್ಲರೂ ಡಾಕ್ಟರ ಕಾಲು ಹಿಡಿದರು. ಅವರು ಕೇಳಲಿಲ್ಲ. ಕಾಯಿಲೆಯ ಹೆಸರು ಹೇಳೋಕೆ ನಾವೇ ಹೆದರಿದರೆ ಬಂದವರು ಏನು ಮಾಡಬೇಕು ಅಂತ ಇಷ್ಟಿಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದ್ರು. ಮಾರನೇ ವಾರ ಎದುರಿನ ಟೀ ಅಂಗಡಿಯವನು ಗಂಟುಮೂಟೆ ಕಟ್ಟಿದ. ಬಸ್ಸಿನಲ್ಲಿ ಬರೋರು ಒಂದು ಸ್ಟಾಪ್ ಹಿಂದೆಯೇ ಇಳಿದು ನಡೆದು ಬರೋರು, ಗುರುತಿನವರು ಯಾರಾದ್ರೂ ನೋಡಿಬಿಟ್ಟರೆ ಅಂತ. ಇವತ್ತು ನಾನೂ ಅಲ್ಲೇ ಇಳಿದೆ... ಹಾಗೇ, ಸುಮ್ನೆ. ಸ್ವಲ್ಪ ನಡೆದ ಹಾಗಾಗುತ್ತೆ ಅಂತ.

ಕಿರಣ ಕೊಡೋ ಮೊದಲನೇ ಯಂತ್ರ ಬಂದ ದಿನ ನೆನಪಿದೆಯಾ? ನೀನಿನ್ನೂ ಸೇರಿರಲಿಲ್ಲವಾ? ಹೌದಲ್ಲ, ನೀನು ಬಂದಿದ್ದು ಆಮೇಲೆ. ಯಂತ್ರ ಬಾಗಿಲಲ್ಲಿ ಹಿಡಿಸಲಿಲ್ಲ ಕಣೆ! ಹೊಸದಾಗಿ ಕಟ್ಟಿದ ಗೋಡೆ, ನಾನು ಕೈ ಚಾಚಿದರೂ ಸಾಲದಷ್ಟು ದಪ್ಪದ ಗೋಡೆ, ಅದನ್ನೇ ಒಡೀಬೇಕಾಯ್ತು. ಕಂಟ್ರಾಕ್ಟರು ತಲೆ ಮೇಲೆ ಕೈ ಹೊತ್ತು ಕೂತ. ದೊಡ್ಡ ಡಾಕ್ಟರು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ತಾವೇ ಇಟ್ಟಿಗೆ ಹೊತ್ತರು. ಭೌತಶಾಸ್ತ್ರ ಓದಿ ಬಂದ ನಾನು ಕೋಟು ಹಿಡಿದುಕೊಂಡು ನಿಂತಿದ್ದೆ. ಅದೇ ನನ್ನ ಮೊದಲನೇ ಕೆಲಸ!

ಆಮೇಲೆ ತಾನೇ ನನ್ನನ್ನು ಮುಖವಾಡದ ಕೋಣೆಗೆ ಹಾಕಿದ್ದು. ಬೇರೆಯವರಿಗೆ ಹೇಳಿದರೆ ನಾಟಕದ ಕಂಪನಿ ಅಂದುಕೊಳ್ಳೋರು. ನಿನ್ನ ಅಪ್ಪನೇ ಅಂದುಕೊಂಡಿರಲಿಲ್ಲವಾ? ಹುಡುಗ ಮುಖವಾಡ ಮಾಡ್ತಾನಂತೆ, ಹೊಟ್ಟೆಗೇನು ಮಾಡ್ತಾನೆ ಅಂತ! ಗಂಟಲಿಗೋ ನಾಲಿಗೆಗೋ ಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಬಾರದು ಮಾವ, ಅದಕ್ಕೆ ಅವರವರ ಮುಖದ ಅಳತೆಗೇ ಒಂದೊಂದು ಮುಖವಾಡ ಮಾಡಿ ಮೇಜಿಗೆ ಬಿಗೀತೀವಿ ಅಂತ ವಿವರಿಸೋಷ್ಟರಲ್ಲಿ ಅವರು ನಿದ್ದೆ ಹೋಗಿದ್ರು.

ಏನು ನಗ್ತೀಯಾ? ನಿಜ ತಾನೇ?

ಆಗ ಮುಖಕ್ಕೆ ಎಣ್ಣೆ ಹಚ್ಚಿ, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಒಣಗೋವರೆಗೂ ಕಾಯೋದು. ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಮೂಗಿಗೆ ಮಾತ್ರ ಎರಡು ತೂತು. ಹೂತುಬಿಟ್ಟ ಹಾಗಿರುತ್ತೆ ಅನ್ನೋರು ಜನ. ಒಬ್ಬ ಬಸ್ ಡ್ರೈವರ್ ಇದ್ದನಲ್ಲ, ಆಳು ಆನೆ ಥರ, ಪಟ್ಟಿ ಅರ್ಧ ಸುತ್ತಿದ್ದೀನಿ, ಹೆದರಿ ಎದ್ದು ಕಾರಿಡಾರಿನಲ್ಲಿ ಓಡಿದ! ಬಿಳೀ ಮುಖ! ಎದುರಿಗೆ ಬಂದ ಆಯಾ ಕಿರುಚಿದ್ದು ನಿಮ್ಮ ವಾರ್ಡಿಗೆ ಕೇಳಿತ್ತಂತೆ. ಆವತ್ತಿಂದ ನಾನು ಮಾತಾಡೋಕೆ ಶುರು ಮಾಡಿದೆ. ಮುಖವಾಡ ಗಟ್ಟಿಯಾಗೋವರೆಗೆ ಬಾಯಿ ಮುಚ್ಚೋದೇ ಇಲ್ಲ. ಅವರು ಮಾತಾಡೋ ಹಾಗಿಲ್ಲ, ನಾನು ಸುಮ್ಮನಿರೋ ಹಾಗಿಲ್ಲ. ಹವಾ, ಚುನಾವಣೆ, ನನ್ನ ಸೋದರತ್ತೆಯ ಜಗಳ, ಸೈಕಲ್ ಕಳೆದಿದ್ದು... ಕಿವಿಗೆ ಒಂದು ಮನುಷ್ಯನ ದನಿ ಬೀಳ್ತಾ ಇದ್ರೆ ಹೆದರಿಕೆ ಅಷ್ಟು ಹತ್ತಿರ ಬರಲ್ಲ. ನೀನು ಮೊದಲನೇ ಸಲ ಪೇಷಂಟನ್ನು ಕರೆದುಕೊಂಡು ಬಂದಾಗ ಬೈದಿದ್ದೆಯಲ್ಲ, ರೀ ಸ್ವಲ್ಪ ಉಸಿರು ತಗೊಳ್ಳಿ ಅಂತ. ಬಿಳೀ ಟೋಪಿ ಹಾಕಿಕೊಂಡು ಏನು ಗತ್ತು! ಸಿಸ್ಟರ್, ಉಸಿರು ತಗೊಂಡರೆ ಅವರು ಎದ್ದು ಓಡ್ತಾರೆ ಅಂದೆ. ಆಗಲೂ ಹೀಗೇ ತುಟಿ ಕಚ್ಚಿ ನಕ್ಕಿದ್ದೆ.

ಆ ಡ್ರೈವರ್ ಗುಣವಾಗಿ ಹೊರಡೋ ದಿನ ಮುಖವಾಡ ಕೇಳಿ ತಗೊಂಡು ಹೋಗಿ ಏನು ಮಾಡಿದ ಗೊತ್ತಾ? ತನ್ನ ಬಸ್ಸಿನ ಚಕ್ರದ ಕೆಳಗಿಟ್ಟು ಹತ್ತಿಸಿದ! ಪ್ರಯಾಣಿಕರೆಲ್ಲ ಇಳಿದು ಚಪ್ಪಾಳೆ ಹೊಡೆದರಂತೆ. ಇನ್ನೊಬ್ಬಳು, ಟೀಚರು, ತನ್ನದರಲ್ಲಿ ಮಣ್ಣು ತುಂಬಿ ಹೂವಿನ ಗಿಡ ಹಾಕಿದ್ಲು. ಕೆಲವರು... ಕೆಲವರದ್ದು ತಗೊಂಡು ಹೋಗೋಕೆ ಯಾರೂ ಬರ್ತಿರಲಿಲ್ಲ. ಕಪಾಟಿನ ಮೇಲೆ ಇಟ್ಟಿರ್ತಿದ್ದೆ. ಬಿಸಾಡೋಕೆ ಕೈ ಬರ್ತಿರಲಿಲ್ಲ. ಮೂಗು, ಗಲ್ಲ, ಎಲ್ಲ ಹಾಗೇ ಇರುತ್ತಲ್ಲ...

ಬಿಡು ಅದನ್ನ. ಈಗ ಪ್ಲಾಸ್ಟರೂ ಇಲ್ಲ, ಎಂಥದ್ದೂ ಇಲ್ಲ. ಬಲೆ ಥರದ ಪ್ಲಾಸ್ಟಿಕ್ ಹಾಳೆ. ಬಿಸಿನೀರಿನ ತೊಟ್ಟಿಗೆ ಹಾಕಿದರೆ ಒದ್ದೆ ಬಟ್ಟೆ ಥರ ಮೆತ್ತಗಾಗುತ್ತೆ. ಎತ್ತಿ ಮುಖದ ಮೇಲೆ ಎಳೆದು ಎರಡೂ ಕಡೆ ಒತ್ತಿದರೆ ಆಯ್ತು. ಅಷ್ಟು ಜನಕ್ಕೆ ಮಾಡಿದೆನಲ್ಲ, ಒಳಗಿಂದ ಹೇಗಿರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೆ. ಮೊದಲು ಹಿತವಾಗಿರುತ್ತೆ, ಅಮ್ಮ ಬಿಸಿನೀರಿನ ಬಟ್ಟೆಯಲ್ಲಿ ಮುಖ ಒರೆಸಿದ ಹಾಗೆ. ಆಮೇಲೆ ತಣ್ಣಗಾಗ್ತಾ ಆಗ್ತಾ ಬಿಗೀತಾ ಬರುತ್ತೆ. ಹಣೆ, ಮೂಗು, ಗಲ್ಲ... ಉಗುಳು ನುಂಗೋದೂ ಕಷ್ಟ. ಆ ಹುಡುಗೀರು ಕೈ ಚುರುಕು, ತಪ್ಪು ಹೇಳೋ ಹಾಗಿಲ್ಲ. ಆದ್ರೆ ಮಾತೇ ಆಡಲ್ಲ! ಒಂದು ಮಾತಿಲ್ಲ! ರೇಡಿಯೊ ಹಾಕಿ ಹಿಂದಕ್ಕೆ ಸರಿದು ನಿಂತರು. ನಾನೋ ಒಳಗೆ ಬಾಯಿ ಕಟ್ಟಿಸಿಕೊಂಡು ಬಿದ್ದಿದ್ದೀನಿ. ಮಾತಾಡ್ರಮ್ಮಾ, ಏನಾದ್ರೂ ಮಾತಾಡ್ರಮ್ಮಾ ಅಂತ ಒಳಗೊಳಗೇ... ತಮಾಷೆ, ಅಲ್ವಾ? ಕೊನೆಗೆ ಅವರಲ್ಲೊಬ್ಬಳು, ಕನ್ನಡಕದ ಹುಡುಗಿ, ಸ್ಕ್ಯಾನ್ ಮುಗಿಸಿ ಬಂದು, ಮುಖವಾಡದ ಮೇಲೆ ಎಷ್ಟು ನೇರವಾಗಿ ಗೆರೆ ಎಳೆದಳು ಅಂತೀಯಾ! ಗಲ್ಲದ ಕೆಳಗೆ ಒಂದು, ಕಿವಿಯ ಪಕ್ಕ ಒಂದು. ಕೈ ಒಂಚೂರೂ ನಡುಗಲಿಲ್ಲ. ನನ್ನ ಕಾಲದಲ್ಲಿ...

ಏನು? ಬಟ್ಟಲು ಯಾಕೆ ಕೆಳಗಿಟ್ಟೆ?

ಕಾಳೆಲ್ಲ ಉರುಳಿ ಹೋಯ್ತು ನೋಡು. ಇರು, ನಾನು ಆರಿಸ್ತೀನಿ. ಏನಾಯ್ತು ಈಗ? ಹಾಗ್ಯಾಕೆ ನೋಡ್ತಿದ್ದೀಯಾ?

ಗೆರೆ... ಗೆರೆ ಎಳೆದಳು ಅಂದೆನಾ ನಾನು?

ಮಾದರಿ ಅಂದ್ನಲ್ಲ. ಕಲಿಯೋರು, ಗೆರೆ ಎಳೆಯೋದನ್ನೂ ಕಲೀಬೇಕಲ್ವಾ? ಸ್ಕ್ಯಾನು... ಅದೂ ಹಾಗೇ, ಯಂತ್ರ ಖಾಲಿ ಇತ್ತು... ಗೊತ್ತು ಕಣೆ. ಗೊತ್ತು. ಮಾದರಿ ಮುಖವಾಡಕ್ಕೆ ಗೆರೆ ಎಳೆಯೋ ಹಾಗಿಲ್ಲ. ಕಿರಣ ಎಲ್ಲಿ ಬೀಳಬೇಕು ಅಂತ ತೀರ್ಮಾನವಾದ ಮುಖಕ್ಕೆ ಮಾತ್ರ ಗೆರೆ. ಆ ನಿಯಮ ಮಾಡಿದವನೇ ನಾನು. ಒಂದಕ್ಕೊಂದು ಅದಲುಬದಲಾದೀತು ಅಂತ ಬಾಗಿಲ ಮೇಲೆ ಬರೆಸಿ ಹಾಕಿದ್ದೂ ನಾನು. ನೀನು ದಿನಾ ಅದರ ಕೆಳಗೇ ನಿಂತು ಪೇಷಂಟ್‌ಗಳ ಹೆಸರು ಕೂಗ್ತಿದ್ದೆ... ಬೇರೆ ಯಾವ ಹೆಂಗಸಿನ ಮುಂದೆ ಹೇಳಿದ್ರೂ ನಡೀತಿತ್ತು. ನಿನ್ನ ಮುಂದೆ ಹೇಳಿಬಿಟ್ಟೆ ನೋಡು.

ಬೈಯಿ. ನಿನ್ನ ಬೈಗುಳ ಅಭ್ಯಾಸ ಆಗಿದೆ ನನಗೆ.

ಎಲ್ಲಿಗೆ ಎದ್ದೆ? ಕೈ ತೊಳೆಯೋಕಾ? ಯಾರಿಗೆ ಫೋನ್ ಮಾಡ್ತೀಯಾ? ತಂಗಿಗೆ ಮಾಡಬೇಡ... ಮಾಡಲ್ವಾ? ಮತ್ತೆ... ಓ.

ಸಿಸ್ಟರ್, ಕೈ ತಣ್ಣಗಿದೆ ನಿಮ್ಮದು.

ಅಲ್ಲಲ್ಲ. ಕುತ್ತಿಗೆಯ ಎಡಗಡೆ. ಇನ್ನೂ ಸ್ವಲ್ಪ ಹಿಂದಕ್ಕೆ, ದವಡೆಯ ಮೂಲೆಯಲ್ಲಿ. ಹಾಂ... ಅದೇ. ಮೆಲ್ಲಗೆ. ನೋಯಲ್ಲ. ನಿಜವಾಗಲೂ ನೋಯಲ್ಲ. ನಾಲಿಗೆಯ ಬುಡದಲ್ಲಿ ಶುರುವಾಗಿದ್ದಂತೆ, ಈ ಗಂಟು ಅಲ್ಲಿಂದ ಬಂದಿದ್ದು. ಹೌದು, ಮೊನ್ನೆ ಆ ಎರಡು ಹಲ್ಲು ಕೀಳಿಸಿದ್ದೂ ಕಿರಣಕ್ಕೆ ಮುಂಚೆ ಕೀಳಲೇಬೇಕು ಅಂದಿದ್ದಕ್ಕೇ. ಹುಳುಕು ಅಂತ ನಿನಗೆ ಸುಳ್ಳು ಹೇಳಿದೆ. ಸೋಮವಾರದಿಂದ ಶುರು. ಒಂದೂವರೆ ತಿಂಗಳು. ಗುಣವಾಗುತ್ತೆ ಅಂದಿದ್ದಾರೆ... ಆಗಬಹುದು ಅಂದಿದ್ದಾರೆ. ನೀನು ಹೀಗೆ ಮುಟ್ಟಿ ನೋಡ್ತಿರುವಾಗ ಸುಳ್ಳು ಹೇಳೋಕಾಗಲ್ಲ ನನಗೆ.

ಯಾಕೆ ಹೇಳಲಿಲ್ಲ ಅಂತ ತಾನೇ? ಹೇಳ್ತೀನಿ. ನನ್ನ ಕೋಣೆಯ ಹೊರಗೆ ಒಂದು ಬೆಂಚಿತ್ತಲ್ಲ, ಹಸಿರು ಬಣ್ಣದ್ದು. ಒಳಗೆ ಮುಖವಾಡದ ಕೆಳಗೆ ಇರೋರು ಅಳಲ್ಲ ಕಣೆ, ಅವರಿಗೆ ಉಸಿರಾಡೋದೇ ಕೆಲಸ. ಅಳೋರೆಲ್ಲ ಆ ಬೆಂಚಿನ ಮೇಲೆ ಇರೋರು. ಗಂಡನ ಚಪ್ಪಲಿ, ಕನ್ನಡಕ, ಹಲ್ಲಿನ ಸೆಟ್ಟು ಮಡಿಲಲ್ಲಿ ಇಟ್ಟುಕೊಂಡು ಕೂತಿರೋರು. ಒಳಗೆ ಇರೋರಿಗೆ ನಾನು ಮಾತಾಡ್ತಿದ್ದೆ. ಬೆಂಚಿನ ಮೇಲಿರೋರಿಗೆ ಏನು ಹೇಳಬೇಕು ಅಂತ ಅಷ್ಟು ವರ್ಷದಲ್ಲಿ ನನಗೆ ತಿಳೀಲಿಲ್ಲ. ಬಾಗಿಲು ತೆಗೆದು ತಲೆ ತಗ್ಗಿಸಿ ಹೋಗಿಬಿಡ್ತಿದ್ದೆ. ಇವತ್ತು ನೋಡಿದೆ, ಅದನ್ನ ಬದಲಾಯಿಸಿದ್ದಾರೆ. ಸ್ಟೀಲಿನ ಕುರ್ಚಿ ಹಾಕಿದ್ದಾರೆ. ಆದ್ರೂ ಅದರ ಮೇಲೆ ನನ್ನ ಚಪ್ಪಲಿ ಹಿಡ್ಕೊಂಡು ನೀನು... ಬೇಡ ಅನ್ನಿಸ್ತು. ನೀನು ಸಮುದ್ರದ ಗಾಳಿಯಲ್ಲಿ ಇರೋ ಹೊತ್ತಿಗೆ ಎಲ್ಲ ಮುಗಿಸಿಬಿಡೋಣ ಅಂದುಕೊಂಡೆ. ಬೆಪ್ಪ ನಾನು.

ಕೈ ತೆಗೀಬೇಡ. ಇರಲಿ ಹಾಗೇ.

ಯಾವಾಗ ಗೊತ್ತಾಯ್ತು ಅನ್ನೋದೂ ಹೇಳಿಬಿಡ್ತೀನಿ, ಇನ್ನೇನು ಮುಚ್ಚಿಡೋದು. ಆವತ್ತು ಬೆಳಿಗ್ಗೆ ನನಗೆ ಹೇಳಿದ್ರು. ಅಲ್ಲಿಂದ ನೇರ ನಿನ್ನ ಕಣ್ಣಿನ ಡಾಕ್ಟರ ಹತ್ತಿರ ಬಂದೆ, ನಿನ್ನ ಪೊರೆ ಆಪರೇಷನ್ನಿನ ಪಟ್ಟಿ ಬಿಚ್ಚೋ ದಿನ ಅದು. ದಾರಿಯುದ್ದಕ್ಕೂ, ನಿನಗೆ ಹೇಗೆ ಹೇಳೋದು ಅಂತ ಮಾತು ಕೂಡಿಸ್ತಾ ಬಂದಿದ್ದೆ. ಹೇಳಬೇಕು ಅಂತಲೇ ಬಂದಿದ್ದೆ ಕಣೆ, ನಂಬು. ಅಷ್ಟರಲ್ಲಿ ಪಟ್ಟಿ ಬಿಚ್ಚಿದ್ರು. ನೀನು ಮೊದಲು ನೋಡಿದ್ದು ನನ್ನ ಮುಖಾನೇ. ಎಷ್ಟು ಹೊತ್ತು ನೋಡಿದೆ! ಹಣೆ, ಮೂಗು, ಗಲ್ಲ, ಒಂದೂ ಬಿಡದೆ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟೆ. ಅಯ್ಯೋ, ಇಷ್ಟು ಮುದುಕರಾಗಿದ್ದೀರಾ, ನನಗೆ ಯಾರೂ ಹೇಳಲೇ ಇಲ್ಲವಲ್ಲ ಅಂದೆ. ಡಾಕ್ಟರೂ ನಕ್ಕರು. ನಾನೂ ನಕ್ಕೆ. ಅಷ್ಟು ಖುಷಿಯಿಂದ ನನ್ನನ್ನ ನೀನು ನೋಡಿ ಎಷ್ಟು ವರ್ಷ ಆಗಿತ್ತು... ಆ ಮುಖ ಇಟ್ಟುಕೊಂಡು ಹೇಗೆ ಹೇಳಲಿ, ಹೇಳು?

ಹೂಂ. ಅವತ್ತೇ. ಜೂನ್ ಹನ್ನೊಂದು, ಮಂಗಳವಾರ.