ಚುಕ್ಕಿ ಬೇಡ ಅನ್ನೋದಕ್ಕೆ ಒಂದು ಸಹಿ

...ನಗು, ನಗು! ಕಿಸಕ್ ಅಂದದ್ದು ಕೇಳಿಸ್ತು. ಈ ಪ್ರೂಫ್ ರೂಮಲ್ಲಿ ಫ್ಯಾನು ಕಿರುಗುಟ್ಟೋದು ಬಿಟ್ರೆ ಬೇರೆ ಸದ್ದೇ ಇಲ್ಲ, ಎಲ್ಲಿ ಅಡಗಿಸಿಡ್ತೀಯ ನಿನ್ನ ನಗೂನ? ಇಪ್ಪತ್ತಾರು ವರ್ಷ ಇದೇ ಕುರ್ಚೀಲಿ ಕೂತು, ಜನರ ಇನಿಷಿಯಲ್ ಮುಂದೆ ಚುಕ್ಕಿ ಇಲ್ಲ ಅಂದ್ರೆ ಅನ್ನ ಸೇರದೆ ಇದ್ದವಳು ನಾನು... ಇವತ್ತು ಅವಳೇ "ಇನಿಷಿಯಲ್‌ಗೆ ಚುಕ್ಕಿ ಬೇಡ" ಅಂತ ಅರ್ಜಿ ಬರ್ಕೊಂಡು ಬಂದಿದಾಳೆ ಅಂದ್ರೆ ನಗು ಬರದೆ ಏನು! ಸರಿ, ನಕ್ಕು ಮುಗಿಸು. ಮುಗಿಸಿ ಸಹಿ ಹಾಕು. ಪೆನ್ ಬೇಕಾ? ತಗೋ.

ಯಾಕೆ ಅಂದ್ರೆ? ಸುತ್ತೋಲೆ ನೀನೂ ಓದಿದೀಯಲ್ಲೇ! ಯಜಮಾನ್ರ ಮಗಳು ಪ್ರೆಸ್ಸಿನ ಅಧಿಕಾರ ವಹಿಸ್ಕೊಂಡು ಇನ್ನೂ ಮೂರು ತಿಂಗಳಿಲ್ಲ, ಆಗಲೇ ಎರಡು ಹುಕುಂ. ಡಾಕ್ಟರುಗಳ ಹೆಸರಿನ ಈ ದೊಡ್ಡ ಪುಸ್ತಕ ಇದೆಯಲ್ಲ, ಅದಕ್ಕೆ ಇನಿಷಿಯಲ್ ಹೆಂಗೆ ಹಾಕೋದು ಅಂತ ಪ್ರೂಫ್ ರೂಮಿನೋರೇ ಒಟ್ಟಾಗಿ ಬರ್ಕೊಡಿ, ಇವತ್ತು ಐದು ಗಂಟೆಯೊಳಗೆ, ಅಂತ. ಪ್ರೂಫ್ ರೂಮಿನೋರು ಅಂದ್ರೆ ಎಷ್ಟು ಜನ ಮಹಾ? ನಾನು, ನೀನು. ಇನ್ನೊಂದು, ಒಂದನೇ ತಾರೀಕಿಂದ ಜೋಡಿ ಓದು ಬಂದ್. ಇಷ್ಟು ದಿನ ನೀನು ಮೂಲಪ್ರತಿ ಹಿಡ್ಕೊಂಡು ಅಕ್ಷರ, ಚುಕ್ಕಿ, ಜಾಗ ಎಲ್ಲಾ ಬಾಯಲ್ಲಿ ಓದ್ತಿದ್ದೆ, ನಾನು ಎದುರಿಗೆ ಕೆಂಪು ಪೆನ್ ಹಿಡ್ಕೊಂಡು ಪ್ರೂಫ್ ತಿದ್ದುತ್ತಿದ್ದೆ. ಇನ್ಮೇಲೆ ನಿನ್ನ ಕಟ್ಟು ನಿಂಗೆ, ನನ್ನ ಕಟ್ಟು ನಂಗೆ. ಒಬ್ಬೊಬ್ರೇ ಕೂತು ನೋಡ್ಬೇಕಂತೆ. ನಿನ್ನ ಬಾಯಿಗೆ ವಿಶ್ರಾಂತಿ ಬಿಡೇ, ಗಿಳಿ! ಗಿಳಿ ಅಂತ ನಿಂಗೆ ಹೆಸರಿಟ್ಟೋಳೇ ನಾನು... ಇನ್ನು ಬೇರೆ ಹೆಸರು ಹುಡುಕ್ಬೇಕು.

ನಂಗೇನು, ಬೇಜಾರೇನಿಲ್ಲ. ಒಬ್ಳೇ ನೋಡ್ತೀನಿ. ಯಾಕೆ, ನೋಡಲ್ವಾ?

ಅದಿರಲಿ, ವಿಷಯಕ್ಕೆ ಬಾ. ಎರಡು ಸಾವಿರದ ಮುನ್ನೂರು ಡಾಕ್ಟರು! ಒಬ್ಬೊಬ್ಬರಿಗೆ ಎರಡು, ಮೂರು ಇನಿಷಿಯಲ್. ಆ ಹಲ್ಲಿನ ಡಾಕ್ಟರು ಒಬ್ರಿದಾರಲ್ಲ, ನಾಲ್ಕು ಇನಿಷಿಯಲ್ಲು, ಆಮೇಲೆ ಎರಡೇ ಅಕ್ಷರದ ಹೆಸರು. ನಾಲ್ಕು ಎಂಜಿನ್ ಸೇರಿ ಒಂದು ಬೋಗಿ ಎಳ್ಕೊಂಡು ಹೋದ ಹಾಗೆ! ಹೋದ ಸಲದ ಪುಸ್ತಕದಲ್ಲಿ ಅವರ ಮೂರನೇ ಚುಕ್ಕಿ ಬಿಟ್ಟು ಹೋಗಿತ್ತು ಅಂತ ಮೂರು ದಿನ ಫೋನ್ ಮಾಡಿದ್ರು. "ರೋಗಿಗಳು ನನ್ನನ್ನ ಗುರುತು ಹಿಡಿಯೋದು ಹೆಂಗಮ್ಮಾ?" ಅಂತ. ಹಲ್ಲು ನೋವು ಬಂದೋರು ಚುಕ್ಕಿ ಎಣಿಸಿಕೊಂಡು ಬರ್ತಾರಾ? ನೀನೇ ಹೇಳು!

ಆಮೇಲೆ ಈ ಜಾಗದ ಜಗಳ. ಚುಕ್ಕಿ ಆದ್ಮೇಲೆ ಜಾಗ ಬಿಡ್ಬೇಕಾ, ಬಿಡಬಾರದಾ? ಕೆಲವರಿಗೆ ಇನಿಷಿಯಲ್ಲುಗಳೆಲ್ಲ ಅವಿಭಕ್ತ ಕುಟುಂಬದ ಥರ ಒತ್ತಾಗಿ ಕೂತಿರ್ಬೇಕು. ಕೆಲವರಿಗೆ ಪಾಲಾಗಿ ಬೇರೆ ಬೇರೆ ಮನೆ ಬೇಕು, ಮಧ್ಯೆ ಕಾಂಪೌಂಡು ಬೇಕು. ಒಂದೇ ಪುಟದಲ್ಲಿ ಇಬ್ಬರನ್ನೂ ಸಂಭಾಳಿಸಿ ಸಂಭಾಳಿಸಿ ನನ್ನ ತಲೆ ಚಿಟ್ಟು ಹಿಡಿದಿದೆ ಕಣೇ. ಅದಕ್ಕೇ ಹೇಳಿದ್ದು, ಚುಕ್ಕಿನೇ ತೆಗೆದುಬಿಡು. ಅಕ್ಷರ, ಜಾಗ, ಅಕ್ಷರ, ಜಾಗ, ಹೆಸರು. ಎಷ್ಟು ನೀಟು! ಈಗೆಲ್ಲ ಹಂಗೇ ಮಾಡ್ತಾರೆ. ಕಾಲಕ್ಕೆ ತಕ್ಕ ಹಾಗೆ ಇರ್ಬೇಕು ಮನುಷ್ಯ.

ಏನು? ಏನಂದೆ? ...ಅಯ್ಯೋ, ಅದನ್ನ ಇನ್ನೂ ನೆನಪಿಟ್ಕೊಂಡಿದೀಯಾ!

ಹೌದು ಕಣೇ, ಹೇಳಿದ್ದೆ. ನೀನು ಕೆಲಸಕ್ಕೆ ಸೇರಿದ ಮೊದಲನೇ ವಾರ. ಒಂದೇ ಒಂದು ಚುಕ್ಕಿ ಬಿಟ್ಟಿದ್ದೆ ಅಂತ ನಾನು ಬೈದೆ, ನೀನು ಬಾತ್‌ರೂಮಿಗೆ ಹೋಗಿ ಮುಖ ತೊಳ್ಕೊಂಡು ಬಂದೆ. ಅತ್ತಿದ್ದೆ ಅಂತ ಗೊತ್ತಿತ್ತು ನಂಗೆ. "ಆ ಚುಕ್ಕಿ ಹಿಂದೆ ಒಬ್ಬ ಅಪ್ಪ ಇದಾನೆ, ಒಂದು ಊರಿದೆ, ಒಂದು ಮನೆತನ ಇದೆ. ಹೇಳೋದು ಇನ್ನೂ ಇದೆ, ಜಾಗ ಸಾಲದೆ ನಿಲ್ಲಿಸಿದೀನಿ ಅಂತ ಅರ್ಥ ಅದಕ್ಕೆ. ಅದನ್ನ ಬಿಟ್ರೆ ಆ ಅಕ್ಷರ ಹೆಸರಿಗೇ ಅಂಟ್ಕೊಂಡು ಇನ್ಯಾರೋ ಆಗಿಬಿಡ್ತಾನೆ" ಅಂತ ದೊಡ್ಡದಾಗಿ ಭಾಷಣ ಬಿಗಿದಿದ್ದೆ. ಎಂಟು ವರ್ಷ ಆಯ್ತು. ನಿಂಗೆ ಬಾಯಿಪಾಠ ಆಗಿಹೋಗಿದೆ. ಗಿಳಿ ಅಂದಿದ್ದು ಸುಮ್ನೆ ಅಲ್ಲ!

ಬುದ್ಧಿ ಬದಲಾಗಬಾರದಾ? ವಯಸ್ಸಾಗ್ತಾ ಆಗ್ತಾ ಮನುಷ್ಯರು ಸಡಿಲ ಆಗ್ತಾರೆ. ನಮ್ಮನೆಯವರನ್ನೇ ನೋಡು, ಮದುವೆಯಾದ ಹೊಸದರಲ್ಲಿ ಒಂದು ಲೋಟ ನೀರು ಬಗ್ಗಿಸ್ಕೊಳ್ತಿರ್ಲಿಲ್ಲ ಪುಣ್ಯಾತ್ಮ. ಈಗ? ನಾನು ಗುಂಡಿ ಹಾಕೋಕೆ ಕೂತ್ರೆ ಸೂಜಿಗೆ ದಾರ ಪೋಣಿಸಿ ಕೈಗೆ ಕೊಡ್ತಾರೆ. ಅಕ್ಕೀನೂ ಅವರೇ ಆರಿಸ್ತಾರೆ... ಏನೋ, ಪ್ರೀತಿ. ಕೊಡೋವಾಗ ಬೇಡ ಅನ್ನಬಾರದು.

ಮತ್ತೆ ಇನ್ನೊಂದು ಮಾತು, ನಿನ್ನ ಒಳ್ಳೇದಕ್ಕೇ ಹೇಳೋದು. ಹೋದ ತಿಂಗಳು ವಕೀಲರ ಪುಸ್ತಕದಲ್ಲಿ ಆಯ್ತಲ್ಲ ಗೋಳು, ನಲವತ್ತೊಂದು ಚುಕ್ಕಿ ಮಾಯ! ಒಂದೇ ಭಾಗದಲ್ಲಿ! ಯಜಮಾನ್ರ ಮಗಳು ನಿನ್ನನ್ನ ಕರೆಸಿ, ನೀನು ಓದೋವಾಗ ಚುಕ್ಕಿ ನುಂಗಿದೀಯ ಅಂತ ಬೈದು, ಎಚ್ಚರಿಕೆ ಪತ್ರ ಬೇರೆ ಕೊಟ್ರು. ಇನ್ನೊಂದು ಸಲ ಹಿಂಗಾದ್ರೆ ಮನೆಗೆ ಕಳಿಸ್ತೀನಿ ಅಂದ್ರಂತೆ. ಅವತ್ತು ನಿನ್ನ ಟಿಫಿನ್ ಡಬ್ಬಿ ತೆಗೀಲೇ ಇಲ್ಲ ನೀನು. ಈಗ ನೋಡು, ಚುಕ್ಕಿನೇ ಇಲ್ಲ ಅಂದ್ರೆ ಬಿಟ್ಟುಹೋಗೋದೇನು, ಬೈಸಿಕೊಳ್ಳೋದೇನು? ಇಬ್ಬರಿಗೂ ನೆಮ್ಮದಿ. ನಿಂಗೂ... ನಂಗೂ.

ಓದಿದ್ದೆ ಅಂತೀಯಾ? ಸರಿ, ಓದಿದ್ದೆ ಬಿಡು. ಒಂದೊಂದೂ ಓದಿದ್ದೆ. ಈಗ ಅದನ್ನ ಕೆದಕಿ ಏನು ಬಂತು? ಹಾಳಾಗಿ ಹೋಗ್ಲಿ ಅದು. ಸಹಿ ಹಾಕೇ ಮೊದಲು, ನಾಲ್ಕೂವರೆ ಆಯ್ತು.

ಏನಿದು ಕೈಗೆ ಕೊಟ್ಟೆ? ನೋಡಿ ಅಂತ ಬೇರೆ. ಹಾಳೆ... ಓ, ಬೆಳಗ್ಗೆ ಬಂತಲ್ಲ ಹೃದಯದ ಡಾಕ್ಟರುಗಳ ಪುಟ, ಅದೇನಾ? ಒಳ್ಳೇದೇ ಆಯ್ತು, ಇದರಲ್ಲೇ ತೋರಿಸ್ತೀನಿ ಬಾ. ಕಿಟಕಿ ಹತ್ರ ಹಿಡಿ. ನೋಡು ಇಲ್ಲಿ! ಈ ಮೊದಲನೇ ಹೆಸರು. ಅಕ್ಷರ, ಚುಕ್ಕಿ. ಅಕ್ಷರ, ಚುಕ್ಕಿ. ಹೆಸರು. ಸಕ್ಕರೆ ಡಬ್ಬಿಗೆ ಇರುವೆ ಮುತ್ತಿದ ಹಾಗಿಲ್ವಾ? ಇದರ ಕೆಳಗೆ ನೋಡು, ಇಲ್ಲೊಂದು ಚುಕ್ಕಿ, ಇಲ್ಲೊಂದು, ಇದು ಸ್ವಲ್ಪ ಮೇಲೆದ್ದಿದೆ, ಮೆಷಿನ್ನೋರಿಗೆ ಹೇಳ್ಬೇಕು. ಇಡೀ ಪುಟ ಸಿಡುಬು ಬಂದ ಮುಖದ ಥರ ಇದೆ ಕಣೇ! ಈಗಲಾದ್ರೂ ಒಪ್ಕೋತೀಯಾ, ಈ ಚುಕ್ಕಿಗಳೆಲ್ಲ ಹೋದ್ರೆ ಎಷ್ಟು ಚೆನ್ನಾಗಿರುತ್ತೆ?

...ಏನೇ?

ಒಪ್ಕೋತೀಯೋ ಇಲ್ವೋ ಹೇಳು.

ಯಾಕೆ ಸುಮ್ನಾದೆ? ಗಿಳಿ ಬಾಯಿ ಬೆಕ್ಕು ಕಚ್ಕೊಂಡು ಹೋಯ್ತಾ? ನಾನೇನು ತಪ್ಪು ಹೇಳ್ದೆ? ಇಲ್ಲೇ, ಬೆರಳಿಟ್ಟು ತೋರಿಸ್ತಿದೀನಲ್ಲ... ಇಲ್ಲಿ... ಮತ್ತೆ ಇಲ್ಲಿ...

ತಡಿ. ಇದು ಬೆಳಗಿನ ಹಾಳೆ ಅಲ್ವಾ? ...ಊಟದ ಹೊತ್ತಲ್ಲಿ ಕಾಣ್ತಿರ್ಲಿಲ್ಲ ನೀನು. ಕಂಪ್ಯೂಟರ್ ರೂಮಿಗೆ ಹೋಗಿದ್ದೆಯಾ? ನಾನು ವಾರದಿಂದ ಹೇಳ್ತಿದೀನಿ ಅಂತ, ಯಜಮಾನ್ರ ಮಗಳಿಗೆ ತೋರಿಸೋಕೆ ಒಂದು ಮಾದರಿ ಇರ್ಲಿ ಅಂತ... ನಾನು ಹೇಳಿದ ಹಾಗೇನೇ ಮಾಡಿಸ್ಕೊಂಡು ಬಂದ್ಯಾ? ಚುಕ್ಕಿ ತೆಗೆಸಿ?

ಎಲ್ಲಾನೂ?

ಒಂದೂ ಇಲ್ವಾ ಇದರಲ್ಲಿ?

...

ಮಾತಾಡ್ಬೇಡ. ಸ್ವಲ್ಪ ಹೊತ್ತು ಮಾತಾಡ್ಬೇಡ. ನಾನೇ ಹೇಳ್ತೀನಿ.

ಬೇಸಿಗೆಯಿಂದ ಕಣೇ. ಮೊದಲು ಕನ್ನಡಕ ಒರೆಸಿದೆ. ಆಮೇಲೆ ಕನ್ನಡಕ ಬದಲಾಯಿಸಿದೆ. ಆಮೇಲೆ ಟ್ಯೂಬ್‌ಲೈಟಿಗೆ ಬೈದೆ, ಹೊಸ ಟ್ಯೂಬ್ ಹಾಕಿಸ್ದೆ, ನೆನಪಿದೆಯಾ? ಕಣ್ಣಿನ ಡಾಕ್ಟರು ಏನೋ ಉದ್ದ ಹೆಸರು ಹೇಳಿದ್ರು. ನೋಟದ ನಟ್ಟನಡುವೆ ಮಂಜಾಗುತ್ತಂತೆ, ಸುತ್ತ ಎಲ್ಲ ಸರಿಯಾಗಿರುತ್ತಂತೆ. ಇಂಜೆಕ್ಷನ್ ಕೊಟ್ರೆ ಇಷ್ಟಕ್ಕೇ ನಿಲ್ಲಬಹುದು, ಹೋಗಿದ್ದು ಬರಲ್ಲ ಅಂದ್ರು. ಅಕ್ಷರ ಆಕಾರದ ಮೇಲೆ ಗೊತ್ತಾಗುತ್ತೆ, ಇಪ್ಪತ್ತಾರು ವರ್ಷದ ಅಭ್ಯಾಸ. ಚುಕ್ಕಿ ಮಾತ್ರ ಕಾಣಲ್ಲ. ನೀನು ಓದಿದ್ದಕ್ಕೆಲ್ಲ ತಲೆಯಾಡಿಸ್ತಾ ಕೂತಿದ್ದೆ. ನೀನು ಚುಕ್ಕಿ ಅಂದ್ರೆ ಅಲ್ಲಿ ಚುಕ್ಕಿ ಇದೆ ಅಂದ್ಕೊಂಡು ಮುಂದಕ್ಕೆ ಹೋಗ್ತಿದ್ದೆ.

ಆ ನಲವತ್ತೊಂದೂ ನೀನು ಓದಿದ್ದೆ. ನನ್ನ ಕಿವೀಲಿ ಇನ್ನೂ ಇದೆ. ಪ್ರೂಫಲ್ಲಿ ಇರ್ಲಿಲ್ಲ, ನಂಗೆ ಕಾಣಿಸ್ಲಿಲ್ಲ. ಯಜಮಾನ್ರ ಮಗಳು ಕೇಳಿದಾಗ "ಅವಳು ಓದ್ಲಿಲ್ಲ" ಅಂದೆ. ನಾನೇ ಅಂದೆ ಕಣೇ, ಬೇರೆ ಯಾರೂ ಅಲ್ಲ. ಕೆಲಸ ಹೋಗುತ್ತೆ ಅಂತ ಹೆದರಿದ್ದೆ. ಪ್ರೂಫ್ ನೋಡೋಳಿಗೆ ಕಣ್ಣಿಲ್ಲ ಅಂದ್ರೆ ಯಾರು ಇಟ್ಕೋತಾರೆ? ನೀನು ಚಿಕ್ಕೋಳು, ಒಂದು ಬೈಗುಳ ತಡ್ಕೋತೀಯ ಅಂದ್ಕೊಂಡೆ. ಎಚ್ಚರಿಕೆ ಪತ್ರ ಕೊಡ್ತಾರೆ ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಬಾಯಿ ಬಿಡ್ಲಿಲ್ಲ. ಆಮೇಲೆ ಈ ಉಪಾಯ ಹೊಳೀತು, ಚುಕ್ಕಿನೇ ಇಲ್ಲದೆ ಹೋದ್ರೆ...

ಕೊಡಿಲ್ಲಿ ಆ ಅರ್ಜಿ. ಕೊಡೇ. ಸಹಿ ಹಾಕ್ಬೇಡ. ಹರಿದೆ ನೋಡು, ಆಯ್ತು. ಇನ್ನೊಂದು ಬರಿ, ಚುಕ್ಕಿ ಹಾಕೋದು, ಆದ್ಮೇಲೆ ಜಾಗ ಬಿಡೋದು, ಅಂತ. ಜನರ ಹೆಸರಿಗೆ ಅದು ಇರ್ಬೇಕು. ನಂಗೆ ಕಾಣಲ್ಲ ಅಂತ ಎರಡು ಸಾವಿರದ ಮುನ್ನೂರು ಜನರದ್ದು ಅಳಿಸೋಕಾಗುತ್ತಾ? ಅದರ ಜೊತೆಗೆ ಬೇರೆ ಹಾಳೇಲಿ ನಲವತ್ತೊಂದು ಚುಕ್ಕಿ ಬಿಟ್ಟೋಳು ನಾನು ಅಂತ ಬರಿ, ಅದಕ್ಕೆ ನಾನೊಬ್ಳೇ ಸಹಿ ಹಾಕ್ತೀನಿ. ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರಿಸು.

ಗಿಳಿ... ಏನಾದ್ರೂ ಅನ್ನೇ. ಬಯ್ಯಿ. ಎದುರಿಗೇ ಕೂತಿದೀಯ, ನಿನ್ನ ಕಿವಿಯೋಲೆ ಕಾಣುತ್ತೆ, ಜಡೆ ಕಾಣುತ್ತೆ, ಮಧ್ಯದಲ್ಲಿ ಮುಖ ಕಾಣಲ್ಲ ನಂಗೆ. ಸುಮ್ನಿದ್ರೆ ನೀನು ಏನು ಮಾಡ್ತಿದೀಯ ಅಂತ ಗೊತ್ತಾಗಲ್ಲ ಕಣೇ.